ಸೋಮವಾರದಿಂದ ಸಂತೆಯವರೆಗೆ

ಹೆಗ್ಗಡದೇವನಕೋಟೆ ಸೀಮೆಯಲ್ಲಿ ಆಗಸ್ಟ್ ತಿಂಗಳಿಗೆ ಎರಡು ವಾಸನೆ. ಒಂದು, ಬಿಟ್ಟು ಬಿಟ್ಟು ಹನಿಯುವ ಸೋನೆಗೆ ನೆಂದ ಕೆಂಪು ಮಣ್ಣಿನದು. ಇನ್ನೊಂದು, ಹೊಲದ ಬದಿಯ ಬ್ಯಾರನ್‌ಗಳಲ್ಲಿ ಹಗಲೂ ರಾತ್ರಿ ಸೌದೆ ಉರಿಸಿ ಹದ ಮಾಡುವ ಹೊಗೆಸೊಪ್ಪಿನದು. ಈ ಎರಡು ವಾಸನೆಗಳ ನಡುವೆ ಹಾದು, ಪ್ಯಾಂಟಿನ ಕಾಲನ್ನು ಮೊಣಕಾಲಿಗೆ ಮಡಚಿ, ಸರ್ಕಾರ ಕೊಟ್ಟ ಕಪ್ಪು ಬೂಟುಗಳನ್ನು ಕೆಸರಾಗಬಾರದೆಂದು ಕೈಯಲ್ಲಿ ಹಿಡಿದು ಮಕ್ಕಳು ಶಾಲೆಗೆ ಬರುತ್ತಿದ್ದಾರೆ. ಗೇಟಿನ ಬಳಿಯ ನಲ್ಲಿಯಲ್ಲಿ ಕಾಲು ತೊಳೆದು, ಸಾಕ್ಸಿಲ್ಲದ ಪಾದಕ್ಕೆ ಬೂಟು ಏರಿಸಿದ ಮೇಲೆ ಅವರು ವಿದ್ಯಾರ್ಥಿಗಳು. ಅಲ್ಲಿಯವರೆಗೆ ಬರೀ ಊರ ಮಕ್ಕಳು.

ಶಾಲೆಯೆಂದರೆ ಮಂಗಳೂರು ಹೆಂಚಿನ ಹಳೆಯ ಎರಡು ಕೊಠಡಿ, ಅವಕ್ಕೆ ಅಂಟಿಕೊಂಡಂತೆ ತಾರಸಿಯ ಮೂರು ಹೊಸ ಕೊಠಡಿ, ಹಿಂದುಗಡೆ ಬಿಸಿಯೂಟದ ಅಡುಗೆಮನೆ, ಅಂಗಳದಲ್ಲೊಂದು ಹೊಂಗೆಮರ. ಒಂದರಿಂದ ಏಳನೇ ತರಗತಿಯವರೆಗೆ ನೂರರ ಆಸುಪಾಸು ಮಕ್ಕಳು. ಹೆಡ್‌ಮೇಷ್ಟ್ರೂ ಸೇರಿ ಐವರು ಶಿಕ್ಷಕರು. ಹೊರಗೋಡೆಯ ಮೇಲೆ ದೊಡ್ಡದಾಗಿ ಬಿಡಿಸಿದ ಕರ್ನಾಟಕದ ನಕಾಶೆ. ಅದರಲ್ಲಿ ತೆಂಕಣ ತುದಿಗೆ, ಕಬಿನಿ ಇರಬೇಕಾದ ಕಡೆ, ಬಣ್ಣ ಪೂರಾ ಮಾಸಿ ಒಳಗಿನ ಸುಣ್ಣ ಕಾಣುತ್ತಿದೆ. "ನಮ್ಮೂರು ಇಲ್ಲಿ" ಎಂದು ಬೆರಳಿಟ್ಟು ತೋರಿಸದ ಮಗು ಈ ಶಾಲೆಯಲ್ಲಿಲ್ಲ. ಬೀದರಿನ ಬಣ್ಣ ಮಾತ್ರ ಹೊಚ್ಚ ಹೊಸದಾಗಿದೆ. ಅಲ್ಲಿಗೆ ಯಾರ ಕೈಯೂ ಎಟಕುವುದಿಲ್ಲ.

ತೂಗುಹಾಕಿದ ಕಬ್ಬಿಣದ ತುಂಡಿಗೆ ಏಳನೇ ತರಗತಿಯ ಹುಡುಗನೊಬ್ಬ ಬಾರಿಸುತ್ತಾನೆ. ಸಾಲು ನಿಲ್ಲುತ್ತದೆ. ಚಿಕ್ಕವರು ಮುಂದೆ, ದೊಡ್ಡವರು ಹಿಂದೆ. ನಡುವೆ ಜಾಗಕ್ಕಾಗಿ ಮೊಣಕೈಗಳ ಸಣ್ಣ ಯುದ್ಧ. ಕುವೆಂಪು ಬರೆದ ನಾಡಗೀತೆ ಮೊದಲು. 2004ರಲ್ಲಿ ಅಧಿಕೃತ ನಾಡಗೀತೆಯಾದ ಅದಕ್ಕೆ 2022ರಲ್ಲಿ ಸರ್ಕಾರ ಮೈಸೂರು ಅನಂತಸ್ವಾಮಿಯವರ ಧಾಟಿಯನ್ನೂ ಎರಡೂವರೆ ನಿಮಿಷದ ಅವಧಿಯನ್ನೂ ಗೊತ್ತುಮಾಡಿತು. ಸೋಮವಾರ ಹೊಂಗೆಮರದಡಿ ಅದಕ್ಕೆ ಮೂರು ನಿಮಿಷ ಬೇಕು. ಒಂದನೇ ತರಗತಿಯವರು ಪ್ರತಿ ಸಾಲಿನ ಕೊನೆಯ ಅಕ್ಷರವನ್ನು ಉಸಿರು ಮುಗಿಯುವವರೆಗೂ ಬಿಟ್ಟುಕೊಡುವುದಿಲ್ಲ. ಆಮೇಲೆ ಸಂವಿಧಾನದ ಪೀಠಿಕೆ. 2023ರ ಸೆಪ್ಟೆಂಬರ್ 15ರಿಂದ ರಾಜ್ಯದ ಶಾಲೆಗಳ ಬೆಳಗಿನ ಪ್ರಾರ್ಥನೆಯಲ್ಲಿ ಇದೂ ಸೇರಿದೆ. ಇಂದು ಓದಿಸುವ ಸರದಿ ನಾಲ್ಕನೇ ತರಗತಿಯ ಹುಡುಗಿಯದು. "ಸಾರ್ವಭೌಮ" ಬಂದಾಗ ಒಂದು ಕ್ಷಣ ನಿಂತು, ಉಗುಳು ನುಂಗಿ, ಅರ್ಕಾವೊತ್ತನ್ನು ಸರಿಯಾಗಿ ಹಿಡಿದು ದಾಟುತ್ತಾಳೆ. ಹಿಂದಿನ ಸಾಲಿನಲ್ಲಿ ಅವಳ ಅಕ್ಕನಿಗೆ ಹೋದ ಉಸಿರು ಬರುತ್ತದೆ. ರಾತ್ರಿಯೆಲ್ಲ ಅವಳಿಗೆ ಇದನ್ನೇ ಹೇಳಿಕೊಟ್ಟವಳು ಈ ಅಕ್ಕ.

ಹೀಗೆ ಶುರುವಾಗುವ ವಾರ ಕೈತುಂಬ ಕೆಲಸ ಹೊತ್ತು ಬಂದಿದೆ. ಬುಧವಾರ ಕ್ಲಸ್ಟರ್ ಮಟ್ಟದ ಪ್ರತಿಭಾ ಕಾರಂಜಿ. ಶುಕ್ರವಾರ ಹೋಬಳಿ ಮಟ್ಟದ ಕ್ರೀಡಾಕೂಟ. ಶನಿವಾರ ಬ್ಯಾಗ್ ಇಲ್ಲದ ದಿನ, ಅಂಗಳದಲ್ಲಿ ಮಕ್ಕಳ ಸಂತೆ. ಮುಂದಿನ ವಾರ ಸ್ವಾತಂತ್ರ್ಯ ದಿನ. ಅದರ ಕವಾಯತು ಬೇರೆ. "ಇದರ ಮಧ್ಯೆ ಪಾಠ ಯಾವಾಗ ಸರ್?" ಎಂದು ಗಣಿತದ ಮೇಡಂ ಕೇಳುತ್ತಾರೆ. ಹೆಡ್‌ಮೇಷ್ಟ್ರು, "ಇದೆಲ್ಲದರ ಮಧ್ಯೆಯೇ ಮೇಡಂ" ಎನ್ನುತ್ತಾರೆ. ಸರ್ಕಾರಿ ಶಾಲೆಯಲ್ಲಿ ಇದಕ್ಕಿಂತ ಪ್ರಾಮಾಣಿಕವಾದ ಉತ್ತರವಿಲ್ಲ.

ಹೆಂಚಿನ ಕೊಠಡಿಯಲ್ಲಿ ನಲಿ-ಕಲಿ ಮಕ್ಕಳಿದ್ದಾರೆ. ಒಂದು, ಎರಡು, ಮೂರನೇ ತರಗತಿಯವರು ಒಟ್ಟಿಗೆ ಕೂರುವ ಕೋಣೆಯಿದು. ಬೆಂಚಿಲ್ಲ. ಜಮಖಾನೆಯ ಮೇಲೆ ದುಂಡಗೆ ಕೂತ ಗುಂಪುಗಳು. ಮಿಸ್ಸೂ ನೆಲದ ಮೇಲೆಯೇ. ಗೋಡೆಯ ಕೆಳಭಾಗದಲ್ಲಿ ಸುತ್ತಲೂ ಕಪ್ಪು ಹಲಗೆ ಬಳಿದು ಪಟ್ಟಿ ಎಳೆದು ಮಗುವಿಗೊಂದು ಪಾಲು ಮಾಡಿದ್ದಾರೆ. ತಲೆಯ ಮೇಲೆ ದಾರಗಳನ್ನು ಕಟ್ಟಿದ ಚಪ್ಪರ. ಅದರ ತುಂಬ ಮಕ್ಕಳ ಚಿತ್ರ, ಕಾಗದದ ಹೂವು, ಅಕ್ಷರ ಬರೆದ ರಟ್ಟು. ಬಾಗಿಲ ಪಕ್ಕದ ಹವಾಮಾನ ನಕ್ಷೆಯಲ್ಲಿ ಇಂದು ಮೋಡಕ್ಕೆ ಗುರುತು ಹಾಕಬೇಕೋ ಮಳೆಗೋ ಎಂದು ಇಬ್ಬರು ಕಿತ್ತಾಡುತ್ತಿದ್ದಾರೆ. ಹೊರಗೆ ಹೋಗಿ ಅಂಗೈ ಚಾಚಿ ನಿಂತು ಬಂದವಳೇ ಗೆದ್ದಳು: ಮಳೆ.

ಬಾಗಿಲಲ್ಲೊಬ್ಬ ಹುಡುಗ ನಿಂತಿದ್ದಾನೆ. ಮೂರನೇ ತರಗತಿ. ಎರಡು ವಾರದಿಂದ ಬಂದಿಲ್ಲ. ಸೊಪ್ಪು ಮುರಿಯುವ ಕಾಲ. ಅಪ್ಪ ಅವ್ವ ಇಬ್ಬರೂ ಬೆಳಕು ಹರಿಯುವ ಮೊದಲೇ ಹೊಲದಲ್ಲಿರುತ್ತಾರೆ. ಮನೆಯಲ್ಲಿ ಎರಡು ವರ್ಷದ ತಂಗಿ. ಅವಳನ್ನು ನೋಡಿಕೊಳ್ಳುವ ಕೆಲಸ ಇವನದು. ಮಿಸ್ ಬೈಯುವುದಿಲ್ಲ, "ಯಾಕ್ ಬರ್ಲಿಲ್ಲ" ಎಂದೂ ಕೇಳುವುದಿಲ್ಲ. "ಬಾಪ್ಪ, ನಿನ್ನ ಮೆಟ್ಲು ಎಲ್ಲಿತ್ತು ನೋಡ್ಕೊ" ಎನ್ನುತ್ತಾರೆ, ಅಷ್ಟೆ.

ಹುಡುಗ ಗೋಡೆಯ ಕಲಿಕಾ ಏಣಿಯ ಮುಂದೆ ನಿಲ್ಲುತ್ತಾನೆ. ಕೆಳಗಿನಿಂದ ಮೇಲಕ್ಕೆ ಹೋಗುವ ಒಂದೊಂದು ಮೆಟ್ಟಿಲಿಗೂ ಒಂದು ಚಿಹ್ನೆ, ಒಂದು ಸಂಖ್ಯೆ. ಬೆರಳು ಏರುತ್ತ ಏರುತ್ತ ಒಂದು ಕಡೆ ನಿಲ್ಲುತ್ತದೆ. ತಟ್ಟೆಯಿಂದ ಅದೇ ಚಿಹ್ನೆಯ ಕಾರ್ಡನ್ನು ಎತ್ತಿಕೊಂಡು, ಅದೇ ಹಂತದಲ್ಲಿರುವ ಇನ್ನಿಬ್ಬರ ಪಕ್ಕ ಕೂತುಬಿಡುತ್ತಾನೆ. ಎರಡು ವಾರದ ಗೈರುಹಾಜರಿ ಎರಡು ನಿಮಿಷದಲ್ಲಿ ಮುಗಿಯಿತು. ಬಿಟ್ಟ ಪಾಠ ಎಂಬುದೇ ಅವನಿಗಿಲ್ಲ. ಎಲ್ಲಿ ನಿಂತಿದ್ದನೋ ಅಲ್ಲಿಂದ ಮುಂದಿನದು ಮಾತ್ರ.

ಈ ವಿಧಾನ ಹುಟ್ಟಿದ್ದೂ ಇದೇ ತಾಲ್ಲೂಕಿನಲ್ಲಿ. ಆಂಧ್ರದ ಮದನಪಲ್ಲಿ ಬಳಿಯ ರಿಷಿ ವ್ಯಾಲಿ ಶಾಲೆಯವರು ಹಳ್ಳಿ ಶಾಲೆಗಳಿಗಾಗಿ ರೂಪಿಸಿದ್ದ ಕಾರ್ಡು-ಏಣಿಗಳ ಪದ್ಧತಿಯನ್ನು ಇಲ್ಲಿನ ಮೇಷ್ಟ್ರುಗಳು ಹೋಗಿ ನೋಡಿ ಬಂದರು. ಆಮೇಲೆ ಪಠ್ಯಪುಸ್ತಕವನ್ನು ಬಿಡಿಬಿಡಿಯಾಗಿ ಬಿಚ್ಚಿ, ತಾವೇ ಕೂತು ಕಾರ್ಡು ಬರೆದು, 1995ರಲ್ಲಿ ಯುನಿಸೆಫ್ ನೆರವಿನಿಂದ ಹೆಗ್ಗಡದೇವನಕೋಟೆಯ ಶಾಲೆಗಳಲ್ಲಿ ಶುರುಮಾಡಿದರು. ಕಾಡಂಚಿನ ಹಾಡಿಗಳು, ಕೂಲಿಗೆ ವಲಸೆ ಹೋಗುವ ಮನೆಗಳು, ಸುಗ್ಗಿ ಬಂದರೆ ಖಾಲಿಯಾಗುವ ತರಗತಿಗಳು: ಇಂಥ ಕಡೆ ಎಲ್ಲ ಮಕ್ಕಳೂ ಒಂದೇ ದಿನ ಒಂದೇ ಪುಟದಲ್ಲಿರಬೇಕೆಂಬ ಹಟ ನಡೆಯುವುದಿಲ್ಲ ಎಂಬುದು ಇಲ್ಲಿನವರಿಗೆ ಅನುಭವದಿಂದಲೇ ಗೊತ್ತಿತ್ತು. 2009ರ ಹೊತ್ತಿಗೆ ನಲಿ-ಕಲಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಹಬ್ಬಿತು. ಅಕ್ಷರ ಕಲಿಸುವ ಕ್ರಮವೂ ಬದಲಾಯಿತು. ಅ ಆ ಇ ಈ ಅಲ್ಲ. ರ ಗ ಸ ದ ಅ. ಬರೆಯಲು ಹಗುರವಾದ, ಒಂದಕ್ಕೊಂದು ಕೂಡಿಸಿದರೆ ಕೂಡಲೇ ಪದವಾಗುವ ಅಕ್ಷರಗಳು ಮೊದಲು. ಶಾಲೆಗೆ ಸೇರಿದ ಕೆಲವೇ ವಾರಗಳಲ್ಲಿ ಮಗು "ಅಗಸ", "ಅರಸ", "ಸರ" ಓದಿಬಿಡುತ್ತದೆ. ಈ ಕೋಣೆಯ ಮೂಲೆಯಲ್ಲಿ ಈ ಹೊತ್ತು ಒಂದನೇ ತರಗತಿಯವಳೊಬ್ಬಳು ತನ್ನ ಪಾಲಿನ ಗೋಡೆಯ ಮೇಲೆ "ದರ" ಎಂದು ಬರೆದು, ಅದನ್ನು "ರದ" ಎಂದು ತಿರುಗಿಸಿ, ಅಂಥದ್ದೊಂದು ಮಾತೂ ಉಂಟು ಎಂದು ಮಿಸ್ ಹೇಳಿದ್ದಕ್ಕೆ ಕುಣಿಯುತ್ತಿದ್ದಾಳೆ.

ಹನ್ನೊಂದರ ಸುಮಾರಿಗೆ ಹಾಲು. ಕ್ಷೀರಭಾಗ್ಯ ಶುರುವಾದದ್ದು 2013ರ ಆಗಸ್ಟ್ 1ರಂದು. ಹಾಲಿನ ಪುಡಿ ಕಲಸಿ ಕಾಯಿಸಿ ಮಗುವಿಗೆ 150 ಮಿಲಿಲೀಟರ್. 2024ರ ಫೆಬ್ರುವರಿಯಿಂದ ವಾರಕ್ಕೆ ಮೂರು ದಿನ ಅದರ ಜತೆ ರಾಗಿ ಮಾಲ್ಟೂ ಸೇರಿತು. ರಾಗಿಯ ನಾಡಿನ ಮಕ್ಕಳಿಗೆ ಇದು ಹೊಸದೇನಲ್ಲ, ಆದರೂ ಸ್ಟೀಲ್ ಲೋಟದ ತಳದಲ್ಲಿ ಉಳಿದ ಸಕ್ಕರೆಯನ್ನು ಬೆರಳಲ್ಲಿ ಬಳಿದು ನೆಕ್ಕುವುದು ಶಾಲೆಯಲ್ಲಿ ಮಾತ್ರ ಸಿಗುವ ಸುಖ. ಅಡುಗೆಮನೆಯ ಅಕ್ಕ ಬೆಳಿಗ್ಗೆ ಎಂಟೂವರೆಗೇ ಬಂದು ಒಲೆ ಹಚ್ಚಿದ್ದಾರೆ. ಊಟಕ್ಕೆ ಅನ್ನ, ಸೊಪ್ಪಿನ ಸಾಂಬಾರ್. ಐದನೇ ತರಗತಿಯವರೆಗಿನ ಮಗುವಿಗೆ 100 ಗ್ರಾಂ ಅಕ್ಕಿ, ಮೇಲಿನವರಿಗೆ 150. ಅಕ್ಕ ತಕ್ಕಡಿ ನೋಡುವುದಿಲ್ಲ, ಸಾಲನ್ನು ನೋಡುತ್ತಾರೆ. ಮಕ್ಕಳಿಗೆ ಬಡಿಸುವ ಮೊದಲು ಮೇಷ್ಟ್ರೊಬ್ಬರು ಉಂಡು, ರುಚಿ ಪುಸ್ತಕದಲ್ಲಿ ಬರೆದು ಸಹಿ ಹಾಕಬೇಕು. ಇವತ್ತಿನ ಷರಾ: "ಉಪ್ಪು ಒಂದು ಚೂರು ಮುಂದು." ಅಕ್ಕ ಅದನ್ನು ಓದಿ, "ಮೇಷ್ಟ್ರು ಮನೇಲಿ ಸಪ್ಪೆ ಉಣ್ತಾರೆ ಅಂತ ಕಾಣ್ತದೆ" ಎಂದು ಪಾತ್ರೆಗೆ ಒಂದು ಚೊಂಬು ನೀರು ಸೇರಿಸುತ್ತಾರೆ.

ಮೊಟ್ಟೆ ಸುಲಿಯುವ ಗಳಿಗೆಯನ್ನು ನೋಡಬೇಕು. ವಾರಕ್ಕೆ ಎರಡು ದಿನ ಇದ್ದ ಮೊಟ್ಟೆ, ಅಜೀಂ ಪ್ರೇಮ್‌ಜಿ ಪ್ರತಿಷ್ಠಾನ ಉಳಿದ ನಾಲ್ಕು ದಿನದ ವೆಚ್ಚ ಹೊತ್ತ ಮೇಲೆ, 2024ರ ಸೆಪ್ಟೆಂಬರಿನಿಂದ ಆರೂ ದಿನ ಆಗಿದೆ. ಜಗುಲಿಯ ಅಂಚಿಗೆ ಸಾಲಾಗಿ ಕೂತ ನೂರು ಮಕ್ಕಳು ಒಮ್ಮೆಲೇ ಮೊಟ್ಟೆಯನ್ನು ತಟ್ಟೆಯ ಅಂಚಿಗೆ ಕುಟ್ಟಿದಾಗ ಏಳುವ ಟಕಟಕ ಸದ್ದಿಗೆ ಹೊಂಗೆಮರದ ಕಾಗೆಗಳು ಕೆಳಗಿನ ಕೊಂಬೆಗೆ ಇಳಿಯುತ್ತವೆ. ಬಿಳಿ ಭಾಗ ಮೊದಲು ತಿಂದು ಹಳದಿಯನ್ನು ಕೊನೆಗೆ ಉಳಿಸಿಕೊಳ್ಳುವವರು, ಹಳದಿಯನ್ನು ಸಾಂಬಾರಿಗೆ ಕಿವುಚುವವರು, ಮೊಟ್ಟೆ ತಿನ್ನದೆ ಬಾಳೆಹಣ್ಣು ಪಡೆದು ಪಕ್ಕದವರ ತಟ್ಟೆಯನ್ನೇ ದಿಟ್ಟಿಸುವವರು. ಆಹಾರ ಮಂತ್ರಿಯಾದ ಆರನೇ ತರಗತಿಯ ಹುಡುಗಿ ಸಾಲಿನ ಉದ್ದಕ್ಕೂ ಓಡಾಡಿ ಯಾರು ಅನ್ನ ಚೆಲ್ಲಿದರು ಎಂದು ನೋಡುತ್ತಾಳೆ. ಶಾಲಾ ಸಂಸತ್ತಿನ ಚುನಾವಣೆಯಲ್ಲಿ, ಮೊಬೈಲಿನಲ್ಲಿ ಮಾಡಿದ ಮತಯಂತ್ರದ ಗುಂಡಿ ಒತ್ತಿ ಮಕ್ಕಳೇ ಆರಿಸಿದ ಮಂತ್ರಿ ಇವಳು. ಅಧಿಕಾರದ ಗತ್ತು ಇನ್ನೂ ಇಳಿದಿಲ್ಲ. ಊಟವಾದ ಮೇಲೆ ವಾರಕ್ಕೊಮ್ಮೆಯ ಕಬ್ಬಿಣಾಂಶದ ಮಾತ್ರೆ: ಚಿಕ್ಕವರಿಗೆ ಗುಲಾಬಿ, ದೊಡ್ಡವರಿಗೆ ನೀಲಿ. ನೀಲಿ ಮಾತ್ರೆ ಸಿಕ್ಕ ದಿನ ತಾನು ದೊಡ್ಡವನಾದೆ ಎಂದು ಲೆಕ್ಕ.

ಮಂಗಳವಾರ ಪೂರ್ತಿ ಬಾಯಿಪಾಠದ ದಿನ. ಹೊಂಗೆಮರದ ಬುಡದಲ್ಲಿ ಕಂಠಪಾಠ, ಜಗುಲಿಯಲ್ಲಿ ಅಭಿನಯ ಗೀತೆ, ಸ್ಟಾಫ್ ರೂಮಿನ ಕಿಟಕಿಗೆ ಆತು ನಿಂತು ಆಶುಭಾಷಣ. ಆಶುಭಾಷಣಕ್ಕೆ ವಿಷಯ ಸ್ಥಳದಲ್ಲೇ ಕೊಡುತ್ತಾರೆ. ಆದರೂ ಏಳನೇ ತರಗತಿಯ ಹುಡುಗ ಪರಿಸರ, ಮೊಬೈಲು, ಸ್ವಚ್ಛತೆ ಮೂರಕ್ಕೂ ಒಪ್ಪುವ ಒಂದು ಭಾಷಣವನ್ನು ತಯಾರು ಮಾಡಿಟ್ಟುಕೊಂಡಿದ್ದಾನೆ. ಶುರುವಿನ ಒಂದು ವಾಕ್ಯ ಬದಲಿಸಿದರೆ ಆಯಿತಂತೆ. ಒನಕೆ ಓಬವ್ವನ ವೇಷಕ್ಕೆ ಒನಕೆ ಅಡುಗೆಮನೆಯ ಅಕ್ಕನ ಮನೆಯಿಂದ ಬಂತು. ಎರಡನೇ ತರಗತಿಯ ಓಬವ್ವ ಅದನ್ನು ಎತ್ತಲಾರದೆ ಎಳೆದುಕೊಂಡೇ ಶತ್ರುಗಳ ಮೇಲೆ ಏರಿ ಹೋದಳು.

ಮೂರನೇ ತರಗತಿಯ ಆ ಹುಡುಗನ ಹೆಸರು ಯಾವ ಪಟ್ಟಿಯಲ್ಲೂ ಇರಲಿಲ್ಲ. ಪಟ್ಟಿ ಮಾಡುವಾಗ ಅವನು ಶಾಲೆಯಲ್ಲಿದ್ದರೆ ತಾನೆ? ಮಧ್ಯಾಹ್ನ ಕೈತೋಟದ ಕೆಸರಿನಲ್ಲಿ ಕೂತು ಏನೋ ಮೆತ್ತುತ್ತಿದ್ದವನನ್ನು ಮಿಸ್ ನೋಡಿದರು. ಕ್ಲೇ ಮಾಡೆಲಿಂಗ್ ಎಂದು ಪಟ್ಟಿಯಲ್ಲಿರುವ ಮಣ್ಣಿನ ಮಾದರಿ ಸ್ಪರ್ಧೆಯ ಎದುರಿಗೆ ಜಾಗ ಖಾಲಿ ಇತ್ತು. ಹೆಸರು ಬರೆದರು.

ಬುಧವಾರ ಟೆಂಪೊದಲ್ಲಿ ಕ್ಲಸ್ಟರಿನ ಕೇಂದ್ರ ಶಾಲೆಗೆ ಪಯಣ. ಅಲ್ಲಿ ಶಾಮಿಯಾನ, ಬಾಡಿಗೆ ಮೈಕು, ತೋರಣ, ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಯಾದ ಸಿ.ಆರ್.ಪಿ.ಯವರ ಸ್ವಾಗತ ಭಾಷಣ. ಹತ್ತಾರು ಶಾಲೆಗಳ ಮಕ್ಕಳು, ಅವರ ಹಿಂದೆ ಪಿನ್ನು, ಬಾಚಣಿಗೆ, ಪೌಡರ್ ಡಬ್ಬಿ ಹಿಡಿದ ಮೇಡಂಗಳು. ಮೂರು ಜನ ಸಂಗೊಳ್ಳಿ ರಾಯಣ್ಣರು ಒಂದೇ ಬೆಂಚಿನಲ್ಲಿ ಕೂತು ಐಸ್‌ಕ್ಯಾಂಡಿ ಚೀಪುತ್ತಿದ್ದಾರೆ. ಇಬ್ಬರು ಕಿತ್ತೂರು ಚೆನ್ನಮ್ಮಂದಿರಿಗೆ ಒಂದೇ ಕತ್ತಿ. ಸರದಿ ಬಂದವಳಿಗೆ ಇನ್ನೊಬ್ಬಳು ಕೊಡಬೇಕೆಂದು ಒಪ್ಪಂದವಾಗಿದೆ. ಲಘು ಸಂಗೀತಕ್ಕೆ ನಿಂತ ಹುಡುಗಿ ಎತ್ತರದ ಶ್ರುತಿಯಲ್ಲಿ ಹಿಡಿದು ಅರ್ಧಕ್ಕೆ ಬರುವಾಗ ದನಿ ಸಿಕ್ಕಿಕೊಂಡಿತು. ಸಭೆ ಮೌನವಾಯಿತು. ಅವಳು ಮೈಕಿನಲ್ಲೇ "ಸಾರಿ, ಮೊದ್ಲಿಂದ" ಎಂದು ಹೇಳಿ, ತಗ್ಗಿಸಿ ಹಿಡಿದು ಪೂರಾ ಹಾಡಿದಳು. ಬಹುಮಾನ ಬರಲಿಲ್ಲ. ಚಪ್ಪಾಳೆ ಮಾತ್ರ ಅವತ್ತಿನ ಎಲ್ಲರಿಗಿಂತ ಹೆಚ್ಚು.

ಮಣ್ಣಿನ ಮಾದರಿಗೆ ಒಂದು ಕೊಠಡಿ ಕೊಟ್ಟಿದ್ದರು. ಸ್ಥಳದಲ್ಲೇ ಕೊಟ್ಟ ವಿಷಯ: ಪ್ರಾಣಿ. ಮಗುವಿಗೊಂದು ಹಲಗೆ, ಒಂದು ಮುದ್ದೆ ಜೇಡಿಮಣ್ಣು, ಒಂದು ಲೋಟ ನೀರು. ಮೈಸೂರು ಜಿಲ್ಲೆಯ ಮಕ್ಕಳಿಗೆ ಪ್ರಾಣಿ ಎಂದರೆ ಆನೆ, ಆನೆ ಎಂದರೆ ದಸರಾ. ಕೊಠಡಿಯ ತುಂಬ ಅಂಬಾರಿ ಹೊತ್ತ ಆನೆಗಳು ತಯಾರಾಗತೊಡಗಿದವು. ಕೆಲವಕ್ಕೆ ಅಂಬಾರಿಯ ಭಾರಕ್ಕೆ ಕಾಲು ಮುದುಡಿತು. ನಮ್ಮ ಹುಡುಗನೂ ಆನೆಯನ್ನೇ ಹಿಡಿದಿದ್ದ. ಆದರೆ ಕಾಲಿನಿಂದ ಶುರುಮಾಡದೆ ಬೆನ್ನಿನಿಂದ ಶುರುಮಾಡಿದ್ದ. ದುಂಡಗೆ ಏರಿ ಹಿಂದಕ್ಕೆ ಜಾರುವ ಬೆನ್ನು. ತಲೆಯ ಮೇಲೆ ಎರಡು ಉಬ್ಬಿನ ಕುಂಭಸ್ಥಳ. ಎಡಕಿವಿಯ ಅಂಚು ಹರಿದದ್ದು. ಒಂದೇ ದಂತ. ಬಾಲ ಒಂದು ಪಕ್ಕಕ್ಕೆ ಸೊಟ್ಟ. ಎಲ್ಲ ಮುಗಿದ ಮೇಲೆ ಎದ್ದು ಹೊರಗೆ ಹೋದ. ಒಂದು ಹಿಡಿ ಒಣ ಮಣ್ಣನ್ನು ಎಲ್ಲಿಂದಲೋ ಹುಡುಕಿ ತಂದು ಆನೆಯ ಮೈಮೇಲೆ ಉದುರಿಸಿದ.

ತೀರ್ಪುಗಾರರು ಹಲಗೆಯ ಮುಂದೆ ಬಗ್ಗಿದರು. "ಅಂಬಾರಿ ಎಲ್ಲಪ್ಪ?"

"ನಮ್ಮ ಜೋಳದ ಹೊಲಕ್ಕೆ ಬರೋ ಆನೆಗೆ ಅಂಬಾರಿ ಇರಕ್ಕಿಲ್ಲ ಸಾ."

"ಮಣ್ಣು ಯಾಕೆ ಹಾಕ್ದೆ?"

"ಅದೇ ಆಕ್ಕತದೆ."

ಒಂದು ಕಡೆ ನಾಗರಹೊಳೆ, ಇನ್ನೊಂದು ಕಡೆ ಬಂಡೀಪುರ, ನಡುವೆ ಕಬಿನಿಯ ಹಿನ್ನೀರು ಇರುವ ಊರಿನವನು. ಮುಸುಕಿನ ಜೋಳ ಹಾಲುಗಟ್ಟುವ ಹೊತ್ತಿಗೆ ಅಟ್ಟಣೆಯ ಮೇಲೆ ಅಪ್ಪನ ಪಕ್ಕ ಕೂತು ನೋಡಿದ ಆನೆ ಅದು. ಊರವರು ಒಂಟಿಕೊಂಬ ಎಂದು ಕರೆಯುವ ಅದನ್ನು ಅವನು ಕಲಿತದ್ದು ಹೆದರಿಕೆಯಿಂದ. ಸಂಜೆ ಬಹುಮಾನ ಓದಿದಾಗ ಕಿರಿಯರ ವಿಭಾಗದಲ್ಲಿ ಮೊದಲ ಸ್ಥಾನ ಅವನದು. ಎಂದರೆ, ತಾಲ್ಲೂಕು ಮಟ್ಟಕ್ಕೆ ಹೋಗಬೇಕು.

ಗುರುವಾರ ಬೆಳಿಗ್ಗೆ ಪ್ರಾರ್ಥನೆಯಲ್ಲಿ ಪ್ರಶಸ್ತಿ ಪತ್ರ ಹಂಚಿದರು. ಮಣ್ಣಿನ ಆನೆಗೆ ಪ್ರಥಮ, ಕನ್ನಡ ಕಂಠಪಾಠಕ್ಕೆ ತೃತೀಯ, ಅಭಿನಯ ಗೀತೆಗೆ ದ್ವಿತೀಯ. ಓಬವ್ವನಿಗೆ ಸಮಾಧಾನಕರ. ಆಶುಭಾಷಣದ ಹುಡುಗನಿಗೆ ಸಿಕ್ಕಿದ ವಿಷಯ "ನನ್ನ ಅಜ್ಜಿ". ಅವನ ತಯಾರಿಯ ಭಾಷಣ ಅಜ್ಜಿಯ ಹತ್ತಿರಕ್ಕೂ ಸುಳಿಯಲಿಲ್ಲ. ಹೆಡ್‌ಮೇಷ್ಟ್ರು ಫೋಟೊ ಹಿಡಿದು ಮೂರು ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿ, ವರದಿಯ ನಮೂನೆ ಭರ್ತಿ ಮಾಡಲು ಕೂತರು. ಸ್ಪರ್ಧೆ, ವಿಭಾಗ, ಮಗುವಿನ ಹೆಸರು, ಸ್ಥಾನ. ಸಾಧನೆ ಎಂದರೆ ಕಚೇರಿಗೆ ಬೇಕಾದದ್ದು ಇಷ್ಟು.

ಅದೇ ಹೊತ್ತಿಗೆ ನಲಿ-ಕಲಿ ಕೋಣೆಯ ಪ್ರಗತಿ ನೋಟದ ಮುಂದೆ ಮಿಸ್ಸಿನದು ಬೇರೆ ಲೆಕ್ಕ. ದೊಡ್ಡ ಹಾಳೆಯ ಮೇಲೆ ಎಡಗಡೆ ಮಕ್ಕಳ ಹೆಸರು, ಮೇಲ್ಗಡೆ ಮೈಲಿಗಲ್ಲುಗಳು; ಯಾರು ಎಲ್ಲಿದ್ದಾರೆ ಎಂಬುದಕ್ಕೆ ಗುರುತು. ಮಾತೇ ಆಡದೆ ಜೂನಿನಲ್ಲಿ ಸೇರಿದ್ದ ಹಾಡಿಯ ಹುಡುಗಿ ಈ ವಾರ ತನ್ನ ಮನೆ ಮಾತಿನಲ್ಲಿ ಕತೆಯೊಂದನ್ನು ಹೇಳಿದ್ದಾಳೆ. ಪಕ್ಕದವಳು ಅದನ್ನು ಎಲ್ಲರಿಗೂ ಕನ್ನಡದಲ್ಲಿ ಬಿಡಿಸಿ ಹೇಳಿದ್ದಾಳೆ. ಕಳೆಯುವಾಗ ದಶಕ ಬಿಡಿಸಲು ಆಗದೆ ಅಳುತ್ತಿದ್ದವನು ಹುಣಸೆ ಬೀಜದ ಕಟ್ಟು ಬಿಚ್ಚಿ ತಾನೇ ದಾರಿ ಕಂಡುಕೊಂಡಿದ್ದಾನೆ. ಎರಡನೇ ತರಗತಿಯವಳು ನಿನ್ನೆ ಟೆಂಪೊದಲ್ಲಿ ಹೋಗುವಾಗ ಎದುರು ಬಂದ ಬಸ್ಸಿನ ಬೋರ್ಡನ್ನು ಗಟ್ಟಿಯಾಗಿ ಓದಿದ್ದಾಳೆ: "ಸ-ರ-ಗೂ-ರು." ಇವಕ್ಕೆ ಪ್ರಶಸ್ತಿ ಪತ್ರವಿಲ್ಲ. ಪ್ರಾಥಮಿಕ ಶಾಲೆ ಎಂಬುದು ಇರುವುದೇ ಇವಕ್ಕಾಗಿ. ಕಪ್ಪು ಗೆದ್ದವರ ಹಿಂದೆ ನಿಂತು ಚಪ್ಪಾಳೆ ತಟ್ಟುವ ತೊಂಬತ್ತು ಮಕ್ಕಳೂ ಆ ವಾರದಲ್ಲಿ ಒಂದೊಂದು ಮೆಟ್ಟಿಲು ಏರಿರುತ್ತಾರೆ. ಅದನ್ನು ಲೆಕ್ಕ ಇಡಲು ಅವರವರ ಮೇಷ್ಟ್ರಿಗೆ ಮಾತ್ರ ಸಾಧ್ಯ.

ಶುಕ್ರವಾರ ಖೊ ಖೊ. ಈ ಜಿಲ್ಲೆಗೆ ಆ ಆಟದ ಹುಚ್ಚು ಹಳೆಯದು. 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ವಿಶ್ವಕಪ್ ಗೆದ್ದ ಭಾರತದ ಮಹಿಳಾ ತಂಡದಲ್ಲಿ ತಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಬಿ. ಚೈತ್ರಾ ಇದ್ದರು. ಅಲ್ಲಿಂದೀಚೆಗೆ ಹಳ್ಳಿ ಶಾಲೆಯ ಹುಡುಗಿಯರ ಜಡೆ ಬಿಗಿಯಾಗಿದೆ. ಅಭ್ಯಾಸಕ್ಕೆ ಶಾಲೆಯಲ್ಲಿ ಇರುವುದು ಸಿಲ್ವರ್ ಓಕಿನ ಎರಡು ಗೂಟ, ಸುಣ್ಣದ ಗೆರೆ, ದೈಹಿಕ ಶಿಕ್ಷಕರಿಲ್ಲದ್ದರಿಂದ ಸೀಟಿ ಊದುವ ಹಿಂದಿ ಮೇಷ್ಟ್ರು.

ಹೋಬಳಿಯ ಮೈದಾನ ಮಳೆಗೆ ಮೆತ್ತಗಾಗಿತ್ತು. ನಮ್ಮ ಏಳನೇ ತರಗತಿಯ ನಾಯಕಿ ಬೂಟು ಬಿಚ್ಚಿ ಮೂಲೆಗೆ ಎಸೆದಳು, ಉಳಿದವರೂ ಎಸೆದರು. ಎಂಟು ಜನ ಒಬ್ಬರು ಎಡಕ್ಕೆ ಒಬ್ಬರು ಬಲಕ್ಕೆ ಮುಖ ಮಾಡಿ ಚೌಕಗಳಲ್ಲಿ ಕೂತರೆ, ಒಂಬತ್ತನೆಯವಳು ಬೆನ್ನಟ್ಟಿದಳು. ಈ ಆಟದ ಕಷ್ಟವೆಲ್ಲ ಕೂತವರದು. ಓಡುವವಳು ಎದುರಿಗೇ ಹಾದು ಹೋದರೂ ಬೆನ್ನಿಗೆ ಕೈ ಬಿದ್ದು "ಖೊ" ಎಂದು ಕಿವಿಗೆ ಕೇಳುವವರೆಗೆ ಏಳುವಂತಿಲ್ಲ; ಎದ್ದ ಮೇಲೆ ತಿರುಗಿ ಬರುವಂತಿಲ್ಲ. ಐದನೇ ತರಗತಿಯ ಪುಟ್ಟ ಹುಡುಗಿಯೊಬ್ಬಳು ಸುಳ್ಳು ಹೆಜ್ಜೆಗಳಿಗೆ ಒಮ್ಮೆಯೂ ಮೋಸ ಹೋಗದೆ, ಕೊನೆಗೆ ಕಂಬದ ಬಳಿ ಮೈಚೆಲ್ಲಿ ಎದುರಾಳಿಯ ಹಿಮ್ಮಡಿ ಮುಟ್ಟಿದಳು. ಮೊದಲ ಪಂದ್ಯ ಗೆದ್ದರು, ಎರಡನೆಯದು ಗೆದ್ದರು, ಫೈನಲ್ಲಿನಲ್ಲಿ ಒಂದೇ ಅಂಕಕ್ಕೆ ಸೋತರು. ಟೆಂಪೊದಲ್ಲಿ ಕಾಲು ಗಂಟೆ ಅಳು, ಆಮೇಲೆ ಕಂಬ ಅಲ್ಲಾಡುತ್ತಿತ್ತು ಎಂಬ ಸಂಶೋಧನೆ, ಆಮೇಲೆ ಅಂತ್ಯಾಕ್ಷರಿ. ಊರು ಬರುವ ಹೊತ್ತಿಗೆ ಮುಂದಿನ ವರ್ಷದ ತಂಡ ತಯಾರಾಗಿತ್ತು. ಅದರ ನಾಯಕಿ ಆ ಐದನೇ ತರಗತಿಯವಳೇ.

ಶನಿವಾರ ಬೆಳಗಿನ ಶಾಲೆ. ಕವಾಯತು ಮುಗಿಯುತ್ತಿದ್ದಂತೆ ಅಂಗಳ ಸಂತೆಮಾಳವಾಯಿತು. ಗೋಣಿತಾಟು, ಟವೆಲು, ಅವ್ವನ ಹಳೆ ಸೀರೆ ಹಾಸಿ ಮಕ್ಕಳು ಕೂತರು. ಕರಿಬೇವು, ನಿಂಬೆಹಣ್ಣು, ಸೀಬೆಕಾಯಿ, ಹಸಿಮೆಣಸಿನಕಾಯಿ, ದಂಟಿನ ಸೊಪ್ಪು, ಹುರುಳಿಕಾಳು. ಒಂದು ಕಡೆ ಚುರುಮುರಿ, ಇನ್ನೊಂದು ಕಡೆ ಪಾನಕ. ಐದನೇ ತರಗತಿಯ ಗಣಿತದ ಪಾಠವೇ ಇಲ್ಲಿ ಅಂಗಡಿ ಹಾಕಿದೆ. ಮೆಣಸಿನಕಾಯಿ ಕಿಲೋಗೆ 60 ರೂಪಾಯಿ; ಕಾಲು ಕಿಲೋಗೆ ಎಷ್ಟು? ಹುಡುಗ ಬೆರಳು ಮಡಚುತ್ತಾನೆ, ಕಣ್ಣು ಮುಚ್ಚುತ್ತಾನೆ, 15 ಎನ್ನುತ್ತಾನೆ. ಗಿರಾಕಿ 20ರ ನೋಟು ಕೊಡುತ್ತಾರೆ. ಚಿಲ್ಲರೆ ಇಲ್ಲ. "ಐದ್ರುಪಾಯ್ಗೆ ಕರಿಬೇವು ತಗಳಿ" ಎಂದು ಪಕ್ಕದ ಅಂಗಡಿಯವಳನ್ನು ತೋರಿಸುತ್ತಾನೆ. ತರಗತಿಯಲ್ಲಿ ಕಲಿಸದ ಪಾಠವಿದು.

ಹುರುಳಿಯ ಮುಂದೆ ಒಬ್ಬ ಅಜ್ಜಿ ಕುಕ್ಕರಗಾಲಲ್ಲಿ ಕೂತಿದ್ದಾರೆ. "ಅರ್ಧ ಸೇರು ಹಾಕವ್ವ."

"ಸೇರಿಲ್ಲ ಅಜ್ಜಿ, ಗ್ರಾಮು."

"ಅದೆಂಥದೇ ಗ್ರಾಮು, ಊರಾ?"

ಹುಡುಗಿ ತಕ್ಕಡಿಗೆ ಬಟ್ಟುಗಳನ್ನು ಒಂದೊಂದಾಗಿ ಇಟ್ಟು ತೋರಿಸುತ್ತಾಳೆ. ಅಜ್ಜಿ ಕೊನೆಗೆ ಒಪ್ಪಿದ್ದು ತೂಕಕ್ಕಲ್ಲ, ಕೊಸರಿಗೆ. ಇನ್ನೊಂದು ಹಿಡಿ ಮೇಲೆ ಹಾಕಿಸಿಕೊಂಡೇ ಎದ್ದರು. ಏಳನೇ ತರಗತಿಯ ಚುರುಮುರಿ ಅಂಗಡಿಯವನು ಅಣ್ಣನ ಫೋನ್‌ಪೇ ಹಾಳೆ ಅಂಟಿಸಿ ವ್ಯಾಪಾರದಲ್ಲಿ ಎಲ್ಲರನ್ನೂ ಹಿಂದೆ ಹಾಕಿದ್ದಾನೆ.

ಮೂರನೇ ತರಗತಿಯ ಹುಡುಗನದು ನಿಂಬೆಹಣ್ಣಿನ ಅಂಗಡಿ. ತಂಗಿ ಪಕ್ಕದಲ್ಲಿ ಕೂತು ಸರಕನ್ನು ಉರುಳಿಸಿ ಆಡುತ್ತಿದ್ದಾಳೆ. ಅಪ್ಪ ಬಂದ. ಬೆರಳುಗಳಿಗೆ ಸೊಪ್ಪಿನ ಕಪ್ಪು ಅಂಟು, ಕಣ್ಣಲ್ಲಿ ರಾತ್ರಿಯೆಲ್ಲ ಬ್ಯಾರನ್ ಕಾದ ಕೆಂಪು. ಹೆಡ್‌ಮೇಷ್ಟ್ರು ಅವನಿಗಾಗಿಯೇ ಕಾದಿದ್ದರು. ಆಫೀಸಿನ ಕಪಾಟಿನ ಮೇಲಿಟ್ಟಿದ್ದ ಆನೆಯನ್ನು ತಂದು ಮುಂದೆ ಹಿಡಿದರು. ಅಪ್ಪ ನೋಡಿದವನೇ, "ಒಂಟಿಕೊಂಬ!" ಎಂದ. ಹರಿದ ಕಿವಿಯನ್ನು ಬೆರಳಲ್ಲಿ ಮುಟ್ಟಿ ನೋಡಿದ.

"ತಾಲ್ಲೂಕಿಗೆ ಕರ್ಕೊಂಡ್ ಹೋಗ್ಬೇಕು ಕಣಪ್ಪ. ಬರೋ ವಾರದ ಮುಂದಿನ ಮಂಗಳವಾರ."

"ಮಂಗ್ಳಾರ ಬ್ಯಾರನ್ ಇಳ್ಸದು ಸಾ. ಇಬ್ರೂ ಅಲ್ಲೇ ಇರ್ಬೇಕು. ಕೂಸ್ನ ಯಾರ್ ನೋಡ್ಕತಾರೆ?"

ಮೇಷ್ಟ್ರಿಗೆ ಇದಕ್ಕೆ ಉತ್ತರ ಗೊತ್ತಿರಲಿಲ್ಲ. ಸುತ್ತೋಲೆಯಲ್ಲಿ ಕೂಸಿನ ವಿಷಯ ಇರುವುದಿಲ್ಲ. ಉತ್ತರ ಬಂದದ್ದು ಬಿಸಿಬೇಳೆಬಾತಿನ ಪಾತ್ರೆ ಇಳಿಸುತ್ತಿದ್ದ ಅಡುಗೆಮನೆಯ ಅಕ್ಕನಿಂದ. "ನಂತಾವ ಬುಡು. ನೂರು ಜನಕ್ಕೆ ಬಡುಸ್ತೀನಿ, ಇನ್ನೊಂದು ಹೆಚ್ಚಾ?"

ಅಪ್ಪ ಒಂದು ಗಳಿಗೆ ಮಗನನ್ನು ನೋಡಿದ. "ಕರ್ಕೊಂಡೋಗಿ ಸಾ. ಹೋಗ್ಬಂದ್ಮ್ಯಾಲೆ ದಿನಾ ಬತ್ತಾನೆ. ಕೂಸೂ ಜತೆಗೆ ಬತ್ತದೆ, ಅಕ್ಕ ಒಪ್ಪಿದ್ರೆ" ಎಂದ. ಅಕ್ಕ ಆಗಲೇ ತಂಗಿಯನ್ನು ಸೊಂಟಕ್ಕೇರಿಸಿಕೊಂಡು ಸೌಟು ತೊಳೆಯಲು ಹೊರಟಿದ್ದರು.

ಮಿಸ್ ಮಾತ್ರ ಅಷ್ಟಕ್ಕೆ ಬಿಡಲಿಲ್ಲ. "ಆನೆ ಆಯ್ತು. ನಿನ್ನ ಏಣೀಲಿ ಎರಡು ಮೆಟ್ಲು ಬಾಕಿ ಅವೆ, ಜ್ಞಾಪಕ ಇದೆಯಾ?"

ಹುಡುಗ ನಿಂಬೆಹಣ್ಣು ಎಣಿಸುತ್ತಿದ್ದವನು ತಲೆ ಎತ್ತಲೇ ಇಲ್ಲ. "ಒಂದೇ ಮಿಸ್. ಇನ್ನೊಂದು ನಿನ್ನೆ ಮುಗಿಸ್ದೆ. ನೀವು ಖೊ ಖೊಗೆ ಹೋಗಿದ್ರಿ."